ಎರಡು ವೈಫೈ ಕಂಟ್ರೋಲರ್, ಒಂದೇ ಲೀಸ್ ಪಟ್ಟಿ: ಪುಣೆಯ ಸಭಾಂಗಣವೊಂದರ ಡಿಎಚ್‌ಸಿಪಿ ಕೆಲಸ

ಕಟ್ಟಡ ಪುಣೆಯ ಒಂದು ಕನ್ನಡ ಸಂಘದ್ದು. ನೆಲಮಹಡಿಯಲ್ಲಿ 700 ಕುರ್ಚಿಯ ಸಭಾಂಗಣ, ಮೇಲೆ ಕಚೇರಿ, ಅದರ ಮೇಲಿನ ಎರಡು ಮಹಡಿಗಳಲ್ಲಿ ಹುಡುಗರ ಹಾಸ್ಟೆಲ್. ವೈಫೈಗೆ ಎರಡು ಕಂಟ್ರೋಲರ್‌ಗಳಿವೆ, ಇವನ್ನು ಎ ಮತ್ತು ಬಿ ಎನ್ನೋಣ. ನಡುವೆ ವಿಆರ್‌ಆರ್‌ಪಿ, ಅಂದರೆ ಇಬ್ಬರಿಗೂ ಸೇರಿದ ಒಂದು ವರ್ಚುವಲ್ ಐಪಿ ಇಟ್ಟು, ಒಂದು ಬಿದ್ದರೆ ಇನ್ನೊಂದು ವಹಿಸಿಕೊಳ್ಳುವ ಏರ್ಪಾಟು. ಎ ಬಿದ್ದರೆ ಮೂರು-ನಾಲ್ಕು ಸೆಕೆಂಡಿನಲ್ಲಿ ಬಿ ವರ್ಚುವಲ್ ಐಪಿಯನ್ನು ಎತ್ತಿಕೊಳ್ಳುತ್ತದೆ. ಆ ಭಾಗ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೇವೆ), ಯಾಕೆಂದರೆ ಅದನ್ನೂ ಕಂಟ್ರೋಲರ್‌ಗಳ ಒಳಗೇ ಓಡಿಸಲಾಗಿತ್ತು, ಅದೂ ಎರಡರಲ್ಲಿ ಒಂದೇ ಪೂಲ್ (ಹಂಚಬೇಕಾದ ವಿಳಾಸಗಳ ಸಾಲು) ಬರೆದು.

ಜಾಲದ ವಿವರ ಹೀಗೆ. ವಿಲ್ಯಾನ್ (ಒಂದೇ ತಂತಿಗಳ ಮೇಲೆ ಬೇರ್ಪಡಿಸಿದ ಜಾಲ) 5 ಕಂಟ್ರೋಲರ್ ಮತ್ತು ಎಪಿಗಳದ್ದು (ವೈಫೈ ಬಿತ್ತರಿಸುವ ಪೆಟ್ಟಿಗೆಗಳು), 10.20.5.0/24, ಎ ಗೆ .11, ಬಿ ಗೆ .12, ವರ್ಚುವಲ್ ಐಪಿ .10. ವಿಲ್ಯಾನ್ 30 ಹಾಸ್ಟೆಲ್ಲಿಗೆ, 10.20.32.0/23. ವಿಲ್ಯಾನ್ 40 ಸಭಾಂಗಣದ ಅತಿಥಿಗಳಿಗೆ, 10.20.40.0/22, ಅಂದರೆ 1022 ವಿಳಾಸ. ಲೀಸ್, ಅಂದರೆ ಒಂದು ಸಾಧನಕ್ಕೆ ವಿಳಾಸ ಕೊಟ್ಟಿಡುವ ಅವಧಿ, ಎಲ್ಲ ಕಡೆ 8 ಗಂಟೆ. ಎಲ್ಲ ವಿಲ್ಯಾನ್‌ಗಳ ಗೇಟ್‌ವೇ ಫೈರ್‌ವಾಲ್, .1.

ತೊಂದರೆ ಕಾಣಿಸುತ್ತಿದ್ದದ್ದು ಹೆಚ್ಚಾಗಿ ಗುರುವಾರ. ಪುಣೆಯಲ್ಲಿ ನೀರು-ಕರೆಂಟಿನ ದುರಸ್ತಿ ಕೆಲಸಕ್ಕೆ ಗುರುವಾರವೇ ವಾಡಿಕೆ. ಕರೆಂಟು ಹೋಗಿ, ಎ ಇರುವ ಯುಪಿಎಸ್ ಕೈಕೊಟ್ಟು, ಬಿ ಮಾಸ್ಟರ್ ಆದ ಮೇಲೆ ಕೆಲವು ಫೋನ್‌ಗಳಲ್ಲಿ ಇಂಟರ್‌ನೆಟ್ ಬಂದು ಹೋಗಿ ಮಾಡುತ್ತಿತ್ತು. ಸಿಗ್ನಲ್ ಪೂರ್ತಿ, ಪಾಸ್‌ವರ್ಡ್ ಸರಿ, ಆದರೂ ಒಂದು ನಿಮಿಷ ನಡೆದರೆ ಎರಡು ನಿಮಿಷ ಇಲ್ಲ.

ಕಾರಣ ಹಿಡಿದದ್ದು

ಅತಿಥಿ ವಿಲ್ಯಾನ್‌ನಲ್ಲಿ ಒಂದು ಲಿನಕ್ಸ್ ಲ್ಯಾಪ್‌ಟಾಪನ್ನು ತಂತಿಯಲ್ಲಿ ಕೂರಿಸಿ, ದೂರು ಬಂದ ಫೋನಿನ ಐಪಿಗೆ ಆರ್ಪಿಂಗ್ (ಈ ಐಪಿ ಯಾವ ಸಾಧನದ ಬಳಿ ಇದೆ ಎಂದು ಕೇಳುವ ಆದೇಶ) ಕೊಟ್ಟರೆ ಉತ್ತರ ಎರಡು ಕಡೆಯಿಂದ ಬಂತು:

10.20.40.21 — 02:31:58:90:14:77
10.20.40.21 — 56:08:71:42:93:10

ಒಂದು ಐಪಿ, ಎರಡು ಮ್ಯಾಕ್ (ಸಾಧನದ ಜಾಲ-ಗುರುತು). ಎರಡೂ ಫೋನಿನ ಅಸಲಿ ಮ್ಯಾಕ್ ಅಲ್ಲ ಎನ್ನುವುದೂ ಇಲ್ಲೇ ಗೊತ್ತಾಗುತ್ತದೆ: ಮೊದಲ ಜೋಡಿಯ ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಫೋನ್‌ಗಳಲ್ಲಿ ಸಾಮಾನ್ಯವಾಗಿ ಯಾದೃಚ್ಛಿಕ ಮ್ಯಾಕ್. ಆಂಡ್ರಾಯ್ಡ್ 10 (2019) ಮತ್ತು ಐಒಎಸ್ 14 (2020) ಬಂದಾಗಿನಿಂದ ಫೋನ್‌ಗಳು ಪ್ರತಿ ವೈಫೈ ಹೆಸರಿಗೂ ಬೇರೆ ಮ್ಯಾಕ್ ಹಾಕಿಕೊಳ್ಳುವುದು ಸಾಮಾನ್ಯ. ಹಾಗಾಗಿ ಅತಿಥಿ ಜಾಲದಲ್ಲಿ ಮ್ಯಾಕ್ ನೋಡಿ ಇದು ಯಾರ ಫೋನ್ ಎಂದು ಹುಡುಕುವ ಆಸೆ ಬಿಡಬೇಕು.

ಆಗುತ್ತಿದ್ದದ್ದು ಇಷ್ಟು. ಎ ಕೊಟ್ಟ ಲೀಸ್‌ಗಳು ಎ ಯ ನೆನಪಿನಲ್ಲಿ ಮಾತ್ರ ಇರುತ್ತವೆ. ಈ ಕಂಟ್ರೋಲರ್ ಜೋಡಿ ಎಪಿಗಳ ಪಟ್ಟಿ ಮತ್ತು ಸಂರಚನೆಯನ್ನು ಹಂಚಿಕೊಳ್ಳುತ್ತದೆ, ಲೀಸ್ ಪಟ್ಟಿಯನ್ನಲ್ಲ. ಬಿ ಮಾಸ್ಟರ್ ಆದಾಗ ಅದರ ಪಟ್ಟಿ ಖಾಲಿ. ಅದು ಪೂಲಿನ ಬುಡದಿಂದ ಹಂಚಲು ಶುರು ಮಾಡುತ್ತದೆ. ಹಳೆಯ ಫೋನಿಗೆ ಇದರ ಸುಳಿವೇ ಇಲ್ಲ, ಅದರ ಲೀಸ್ ಇನ್ನೂ ಗಂಟೆಗಟ್ಟಲೆ ಬಾಕಿ ಇದೆ. ಒಂದೇ ಲಾಡ್ಜಿಗೆ ಇಬ್ಬರು ಮ್ಯಾನೇಜರು, ಇಬ್ಬರದ್ದೂ ಬೇರೆ ಬೇರೆ ರಿಜಿಸ್ಟರ್. 21ನೇ ಕೋಣೆಗೆ ಇಬ್ಬರು ಗಿರಾಕಿಗಳು ಬಂದು ನಿಲ್ಲದೆ ಇನ್ನೇನಾದೀತು.

ವಿಳಾಸ ಕೊಡುವ ಮುನ್ನ ಸರ್ವರ್ ಪಿಂಗ್ ಮಾಡಿ ನೋಡುತ್ತದಲ್ಲ ಎನ್ನಬಹುದು. ನಿದ್ದೆಯಲ್ಲಿರುವ ಫೋನ್ ಪಿಂಗ್‌ಗೆ ಉತ್ತರಿಸದೆ ಇರಬಹುದು, ಕೆಲವು ಸಾಧನಗಳು ಎಚ್ಚರವಿದ್ದರೂ ಉತ್ತರಿಸುವುದಿಲ್ಲ. ಪಿಂಗ್ ಪರೀಕ್ಷೆ ಹೆಚ್ಚುವರಿ ಬೇಲಿ ಅಷ್ಟೇ, ಅದನ್ನೇ ನಂಬಿ ಕೂರಬಾರದು.

ಇದರ ಜೊತೆಗೆ ಇನ್ನೊಂದು ಸಂಗತಿ. ಎ ಯ ಅಪ್‌ಲಿಂಕ್ ಇರುವ ಸ್ವಿಚ್ ಪೋರ್ಟಿನಲ್ಲಿ ಪೋರ್ಟ್‌ಫಾಸ್ಟ್ (ಪೋರ್ಟು ಕಾಯದೆ ಕೂಡಲೇ ತೆರೆಯುವ ಆಯ್ಕೆ) ಇರಲಿಲ್ಲ. ಕರೆಂಟು ಮರಳಿದಾಗ ಸ್ಪ್ಯಾನಿಂಗ್ ಟ್ರೀ (ಸ್ವಿಚ್ ಜಾಲದಲ್ಲಿ ಸುತ್ತು ಬೀಳದಂತೆ ಕಾಯುವ ವ್ಯವಸ್ಥೆ) ಆ ಪೋರ್ಟನ್ನು 15 + 15 ಸೆಕೆಂಡು ತಡೆದು ಇಡುತ್ತದೆ. ಅಷ್ಟು ಹೊತ್ತು ಬಿ ಯ ವಿಆರ್‌ಆರ್‌ಪಿ ಸಂದೇಶ ಎ ಗೆ ತಲುಪುವುದಿಲ್ಲ, ಆದ್ದರಿಂದ ಅದೂ ತಾನೇ ಮಾಸ್ಟರ್ ಎಂದು ನಂಬುತ್ತದೆ. ಕಂಟ್ರೋಲರ್ ಪೋರ್ಟುಗಳಿಗೆ ಟ್ರಂಕ್ (ಹಲವು ವಿಲ್ಯಾನ್ ಹೊರುವ ಪೋರ್ಟು) ಮಾದರಿಯ ಪೋರ್ಟ್‌ಫಾಸ್ಟ್ ಹಾಕಿ, ವಿಆರ್‌ಆರ್‌ಪಿಯಲ್ಲಿ ಪ್ರಿಎಂಪ್ಟ್ ಬಂದ್ ಮಾಡಿದ್ದು ಮೊದಲ ಕೆಲಸ. ಎ ಎದ್ದ ಕೂಡಲೇ ಅಧಿಕಾರ ಕಸಿದುಕೊಳ್ಳುವ ಅಗತ್ಯವೇನೂ ಇಲ್ಲ.

ತಾತ್ಕಾಲಿಕ ತೇಪೆ: ಪೂಲ್ ಒಡೆಯುವುದು

ಹೊಸ ಯಂತ್ರ ಬರುವವರೆಗೆ ಕಂಟ್ರೋಲರ್‌ಗಳಲ್ಲೇ ಡಿಎಚ್‌ಸಿಪಿ ಓಡಿಸಬೇಕಿದ್ದರೆ ದಾರಿ ಒಂದೇ: ಎ ಗೆ ಒಂದು ತುಂಡು, ಬಿ ಗೆ ಇನ್ನೊಂದು ತುಂಡು, ಒಂದು ವಿಳಾಸವೂ ಎರಡು ತುಂಡಿನಲ್ಲೂ ಇರಬಾರದು. ಆದರೆ ಅರ್ಧರ್ಧ ಮಾಡಿದರೆ ಸಾಲದು, ಒಂದೊಂದು ತುಂಡೂ ಪೂರ್ತಿ ಜನವನ್ನು ಹೊರಬೇಕು. 700 ಕುರ್ಚಿ, ಜೊತೆಗೆ ಅಡುಗೆಯವರು, ವಿಡಿಯೊದವರು, ಕೆಲವರ ಕೈಯಲ್ಲಿ ಎರಡು ಸಾಧನ. ಒಮ್ಮೆಗೆ 900 ಎಂದು ಲೆಕ್ಕ ಹಿಡಿಯಬೇಕು. /22ರ ಅರ್ಧದಲ್ಲಿ ಅದು ಹಿಡಿಸದು. ಹಾಗಾಗಿ ವಿಲ್ಯಾನ್ 40 ಅನ್ನು 10.20.40.0/21ಕ್ಕೆ ಹಿಗ್ಗಿಸಿ, ಎ ಗೆ 10.20.40.20ರಿಂದ 10.20.43.254, ಬಿ ಗೆ 10.20.44.1ರಿಂದ 10.20.47.250 ಕೊಡಲಾಯಿತು. ಒಂದೊಂದರಲ್ಲೂ ಸಾವಿರದಷ್ಟು ವಿಳಾಸ. ಮೊದಲು ಬದಲಿಸಬೇಕಾದದ್ದು ಫೈರ್‌ವಾಲಿನ ಇಂಟರ್‌ಫೇಸ್ ಮಾಸ್ಕ್. ಪೂಲ್ ಮೊದಲು ಬದಲಿಸಿದರೆ 44ರ ಮೇಲಿನ ವಿಳಾಸ ಸಿಕ್ಕವರಿಗೆ ಗೇಟ್‌ವೇ ಉತ್ತರವನ್ನು ಬೇರೆಲ್ಲಿಗೋ ಕಳಿಸುತ್ತದೆ.

ಲೀಸ್ ಅವಧಿಯನ್ನೂ ಇಲ್ಲೇ ಸರಿಪಡಿಸಿದ್ದು. ಮದುವೆಯ ದಿನ ಬೆಳಿಗ್ಗೆ ಮುಹೂರ್ತಕ್ಕೆ ಬಂದವರು ಊಟ ಮಾಡಿ ಹೊರಡುತ್ತಾರೆ, ಸಂಜೆ ಆರತಕ್ಷತೆಗೆ ಬರುವವರು ಬಹುಪಾಲು ಬೇರೆ ಜನ. 8 ಗಂಟೆಯ ಲೀಸ್‌ನಲ್ಲಿ ಬೆಳಗಿನವರ ವಿಳಾಸಗಳು ಸಂಜೆಯವರೆಗೂ ಬಿಡುಗಡೆಯಾಗುವುದಿಲ್ಲ. ಫೋನ್‌ಗಳು ಹೊರಡುವಾಗ ‘ರಿಲೀಸ್’ ಕಳಿಸಿ ಹೋಗುತ್ತವೆ ಎಂದು ನಂಬುವಂತಿಲ್ಲ. ಅತಿಥಿಗಳಿಗೆ 1 ಗಂಟೆ ಸಾಕು. ಹಾಸ್ಟೆಲ್ಲಿಗೆ 12 ಗಂಟೆ, ಎಪಿಗಳಿಗೆ 24 ಗಂಟೆ.

ತೇಪೆಯ ಮಿತಿ ಇಲ್ಲಿದೆ: ಬಿ ಗೆ ಹೋದ ಫೋನ್ ತನ್ನ ಹಳೆಯ ಐಪಿ ಕೇಳಿದಾಗ ಬಿ ಅದನ್ನು ನವೀಕರಿಸಲಾರದು, ಫೋನ್ ಹೊಸ ಐಪಿಗೆ ಜಿಗಿಯುತ್ತದೆ, ನಡೆಯುತ್ತಿದ್ದ ಕರೆ ಕಡಿಯುತ್ತದೆ. ಘರ್ಷಣೆ ಇಲ್ಲ, ಆದರೆ ನಯವೂ ಇಲ್ಲ.

ಶಾಶ್ವತ ವ್ಯವಸ್ಥೆಗೆ ಬೇಕಾದದ್ದು

ಡಿಎಚ್‌ಸಿಪಿಯನ್ನು ಕಂಟ್ರೋಲರ್‌ಗಳಿಂದ ಹೊರಗೆ ತಂದು ಎರಡು ಚಿಕ್ಕ ಪಿಸಿಗಳ ಮೇಲೆ ಕೀಯಾ (ಡಿಎಚ್‌ಸಿಪಿ ಸರ್ವರ್ ತಂತ್ರಾಂಶ) ಓಡಿಸುವುದು, ಕಂಟ್ರೋಲರ್‌ಗಳು ಬರೀ ರಿಲೇ ಮಾಡುವುದು, ಅಂದರೆ ಫೋನಿನ ಕೋರಿಕೆಯನ್ನು ಸರ್ವರಿಗೆ ದಾಟಿಸುವುದು. ಐಎಸ್‌ಸಿ ಸಂಸ್ಥೆಯ ಹಳೆಯ ಡಿಎಚ್‌ಸಿಪಿ ಸರ್ವರ್‌ನ ನಿರ್ವಹಣೆ 2022ರಲ್ಲಿ ನಿಂತಿದೆ. ಹೊಸದಾಗಿ ಕಟ್ಟುವಾಗ ಅದನ್ನು ಆರಿಸಿಕೊಳ್ಳಲು ಕಾರಣವಿಲ್ಲ.

ಸಾಮಾನು ಜಾಸ್ತಿ ಏನಿಲ್ಲ. ಬಳಸಿದ ಮಿನಿ ಪಿಸಿ 2, ತಲಾ 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. 600 ವಿಎ ಯುಪಿಎಸ್ 2. ಕ್ಯಾಟ್ 6 ಪ್ಯಾಚ್ ಕಾರ್ಡ್ 4: ಪಿಸಿಗಳಿಗೆ ಎರಡು, ಎರಡು ಸ್ವಿಚ್‌ಗಳ ನಡುವಿನ ಜೋಡಿ ಕೊಂಡಿಗೆ ಎರಡು. ಸಿಆರ್ 2032 ಬಟನ್ ಸೆಲ್ 2. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪ್ಕೀರ್ ಗಲ್ಲಿಗೆ ಒಂದು ಸುತ್ತು ಹಾಕಿದರೆ ಪಿಸಿ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಮೆಮೊರಿ ಕಾರ್ಡಿನ ಮೇಲೆ ಓಡುವ ಪುಟ್ಟ ಬೋರ್ಡುಗಳು ಬೇಡ. ಕೀಯಾ ಪ್ರತಿ ಲೀಸನ್ನೂ ಕಡತದ ಕೊನೆಗೆ ಬರೆಯುತ್ತಾ ಹೋಗುತ್ತದೆ, ಗಂಟೆಗೊಮ್ಮೆ ಆ ಕಡತವನ್ನು ಶುಚಿ ಮಾಡುತ್ತದೆ. ಗಂಟೆಯ ಲೀಸ್ ಇರುವ ಸಭಾಂಗಣದಲ್ಲಿ ಆ ಬರವಣಿಗೆ ಕಾರ್ಡನ್ನು ಸವೆಸುತ್ತದೆ.

ಬಟನ್ ಸೆಲ್ ಯಾಕೆ ಎಂದರೆ, ಕೀಯಾ ಜೋಡಿಯಲ್ಲಿ ಗಡಿಯಾರ ಸರಿಯಿರಲೇಬೇಕು. ಎರಡು ಸರ್ವರ್‌ಗಳ ಗಡಿಯಾರದ ನಡುವೆ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಚ್ಚರಿಕೆ ಬರೆಯುತ್ತದೆ, 60 ದಾಟಿದರೆ ಜೋಡಿಯನ್ನೇ ಮುರಿದು ‘ಟರ್ಮಿನೇಟೆಡ್’ ಸ್ಥಿತಿಗೆ ಹೋಗುತ್ತದೆ. ಹಳೆಯ ಪಿಸಿಯ ಸೆಲ್ ಸತ್ತಿದ್ದರೆ ಕರೆಂಟು ಹೋಗಿ ಬಂದ ಮೇಲೆ ಅದು ಎಷ್ಟೋ ವರ್ಷ ಹಿಂದಿನ ತಾರೀಖಿನಿಂದ ಏಳುತ್ತದೆ. ಟರ್ಮಿನೇಟೆಡ್ ಆದ ಮೇಲೂ ವಿಳಾಸ ಹಂಚಿಕೆ ನಡೆಯುತ್ತಲೇ ಇರುತ್ತದೆ, ಹೊರಗಿನಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಒಳಗೆ ಮತ್ತೆ ಎರಡು ರಿಜಿಸ್ಟರ್. ಗಡಿಯಾರ ಸರಿಪಡಿಸಿ ಎರಡನ್ನೂ ಮರುಚಾಲನೆ ಮಾಡುವವರೆಗೆ ಅದು ತಾನಾಗಿ ಸರಿಹೋಗದು. ಸೆಲ್ ಬದಲಿಸಿ, ಕ್ರೋನಿ (ಗಡಿಯಾರ ಹೊಂದಿಸುವ ತಂತ್ರಾಂಶ) ಹಾಕಿ, ಅದರಲ್ಲಿ ದೊಡ್ಡ ವ್ಯತ್ಯಾಸವನ್ನು ಒಮ್ಮೆಗೇ ಸರಿಪಡಿಸುವ ಮೇಕ್‌ಸ್ಟೆಪ್ ಸಾಲು ಇರಲಿ, ಸಮಯ ಹೊಂದಿದ ಮೇಲಷ್ಟೇ ಕೀಯಾ ಏಳುವಂತೆ ಸೇವೆಯ ಅನುಕ್ರಮ ಇಡಿ.

ಸಂರಚನೆ

ಪಿಸಿಗಳಿಗೆ 10.20.5.21 (ಮುಖ್ಯ) ಮತ್ತು 10.20.5.22 (ಬದಲಿ). ಒಂದು ಮೊದಲ ಸ್ವಿಚ್ಚಿಗೆ, ಇನ್ನೊಂದು ಎರಡನೆಯದಕ್ಕೆ, ಯುಪಿಎಸ್ ಕೂಡ ಬೇರೆ ಬೇರೆ. ಎರಡರಲ್ಲೂ ಕೀಯಾದ ಒಂದೇ ಆವೃತ್ತಿ. ಸಬ್‌ನೆಟ್ ಮತ್ತು ಪೂಲ್ ಎರಡರಲ್ಲೂ ಅಕ್ಷರಶಃ ಒಂದೇ; ‘ದಿಸ್-ಸರ್ವರ್-ನೇಮ್’ ಮಾತ್ರ ಬೇರೆ. ಹುಕ್ ಲೈಬ್ರರಿಗಳು (ಕೀಯಾಕ್ಕೆ ಸೇರಿಸುವ ತುಣುಕುಗಳು) ಎರಡು ಬೇಕು, ಲೀಸ್ ಕಮಾಂಡ್ಸ್ ಮತ್ತು ಎರಡು ಸರ್ವರ್‌ಗಳನ್ನು ಜೋಡಿಯಾಗಿಸುವ ಎಚ್‌ಎ. ಮೊದಲನೆಯದನ್ನು ಬಿಟ್ಟರೆ ಜೊತೆಗಾರನಿಗೆ ಲೀಸ್ ತಲುಪಿಸಲು ದಾರಿಯೇ ಇರುವುದಿಲ್ಲ.

ಮೋಡ್: ಹಾಟ್-ಸ್ಟ್ಯಾಂಡ್‌ಬೈ (ಒಂದು ಹಂಚುತ್ತದೆ, ಇನ್ನೊಂದು ಸಿದ್ಧವಾಗಿ ಕಾಯುತ್ತದೆ)
ಹಾರ್ಟ್‌ಬೀಟ್-ಡಿಲೇ: 10000
ಮ್ಯಾಕ್ಸ್-ರೆಸ್ಪಾನ್ಸ್-ಡಿಲೇ: 60000
ಮ್ಯಾಕ್ಸ್-ಅನ್ಆ್ಯಕ್ಡ್-ಕ್ಲೈಂಟ್ಸ್: 0
ಅತಿಥಿ ಲೀಸ್: 3600, ರಿನ್ಯೂ 1800, ರಿಬೈಂಡ್ 3150
ಹಾಸ್ಟೆಲ್ ಲೀಸ್: 43200, ರಿನ್ಯೂ 21600, ರಿಬೈಂಡ್ 37800
ಡಿಕ್ಲೈನ್-ಪ್ರೊಬೇಶನ್-ಪೀರಿಯಡ್: 900

ಮೊದಲ ಎರಡು ಕಾಲಾವಧಿಗಳು ಮಿಲಿಸೆಕೆಂಡಿನಲ್ಲಿ, ಲೀಸ್‌ನವು ಸೆಕೆಂಡಿನಲ್ಲಿ. ಗೊಂದಲ ಮಾಡಿಕೊಳ್ಳುವವರು ಕಡಿಮೆಯಿಲ್ಲ.

ಲೋಡ್-ಬ್ಯಾಲೆನ್ಸಿಂಗ್ (ಎರಡೂ ಸರ್ವರ್ ಹೊರೆ ಹಂಚಿಕೊಳ್ಳುವ ಮೋಡ್) ಬಳಸದೆ ಇದ್ದದ್ದಕ್ಕೆ ಕಾರಣ: ಅದರಲ್ಲಿ ಪೂಲನ್ನು ಮತ್ತೆ ಎರಡಾಗಿ ಒಡೆದು ವರ್ಗ ಕಟ್ಟಬೇಕು, ಸಾವಿರ ಫೋನ್‌ಗಳ ಡಿಎಚ್‌ಸಿಪಿ ಈ ಪಿಸಿಗಳಿಗೆ ಹೊರೆಯೇ ಅಲ್ಲ.

‘ಅನ್ಆ್ಯಕ್ಡ್’ 0 ಇಟ್ಟದ್ದು ಚರ್ಚೆಗೆ ಬರುವ ವಿಷಯ. ಜೊತೆಗಾರ ಮಾತಾಡದಿದ್ದರೆ ಕೀಯಾ ಸಾಮಾನ್ಯವಾಗಿ ತಕ್ಷಣ ನುಗ್ಗುವುದಿಲ್ಲ. ಫೋನ್‌ಗಳು ಕಳಿಸುವ ಪ್ಯಾಕೆಟ್ಟಿನ ‘secs’ (ಸೆಕೆಂಡು) ಎಂಬ ಕಾಲದ ಅಂಕಣ ನೋಡಿ, ಇಷ್ಟು ಜನ ಉತ್ತರ ಸಿಗದೆ ಕಾಯುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಕೆಲಸ ಎತ್ತಿಕೊಳ್ಳುತ್ತದೆ. ಆ ಅಂಕಣವನ್ನು ಸೊನ್ನೆಯಾಗಿಯೇ ಕಳಿಸುವ ಸಾಧನಗಳಿವೆ, ರಾತ್ರಿ ಹೊತ್ತು ಹೊಸ ಫೋನೇ ಬರುವುದಿಲ್ಲ. ಆಗ ಬದಲಿ ಸರ್ವರ್ ಕೈಕಟ್ಟಿ ಕೂರುತ್ತದೆ. 0 ಇಟ್ಟರೆ 60 ಸೆಕೆಂಡು ಮೌನವಾದ ಕೂಡಲೇ ಎತ್ತಿಕೊಳ್ಳುತ್ತದೆ. ಅಪಾಯ ಎಂದರೆ, ಎರಡೂ ಬದುಕಿದ್ದು ನಡುವಿನ ಕೊಂಡಿ ಮಾತ್ರ ಕಡಿದರೆ ಎರಡೂ ಒಂದೇ ಪೂಲಿನಿಂದ ಹಂಚತೊಡಗುತ್ತವೆ. ಅದಕ್ಕೇ ಸ್ವಿಚ್‌ಗಳ ನಡುವೆ ಎರಡು ತಂತಿಯನ್ನು ಒಂದೇ ಕೊಂಡಿಯಾಗಿಸುವ ಎಲ್‌ಎಸಿಪಿ. ಆ ಕೊಂಡಿ ಒಂದೇ ತಂತಿಯಾಗಿದ್ದರೆ 0 ಇಡಬೇಡಿ.

ಡಿಕ್ಲೈನ್ ಅವಧಿ ಮೂಲದಲ್ಲಿ 86400 ಸೆಕೆಂಡು, ಪೂರ್ತಿ ಒಂದು ದಿನ. ಯಾವುದೋ ಫೋನ್ ‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂದು ತಿರಸ್ಕರಿಸಿದರೆ ಆ ವಿಳಾಸ ಅಷ್ಟು ಹೊತ್ತು ಮೂಲೆ ಸೇರುತ್ತದೆ. ಹಳೆಯ ಘರ್ಷಣೆಗಳು ಇನ್ನೂ ಇರುವ ಜಾಲಕ್ಕೆ ಹೊಸ ಸರ್ವರ್ ತಂದರೆ ಮೊದಲ ದಿನವೇ ಪೂಲ್ ಸೊರಗುತ್ತದೆ. 15 ನಿಮಿಷ ಸಾಕು.

ಸಾಕೆಟ್ ಮಾದರಿಯನ್ನು ‘ರಾ’ ಆಗಿಯೇ ಬಿಡಿ. ಉಳಿದ ವಿಲ್ಯಾನ್‌ಗಳ ಕೋರಿಕೆ ರಿಲೇ ಮೂಲಕ ಬಂದರೂ ಎಪಿಗಳು ಇದೇ ವಿಲ್ಯಾನ್ 5ರಲ್ಲಿ ನೇರವಾಗಿ ಕೂಗುತ್ತವೆ; ‘ಯುಡಿಪಿ’ ಮಾಡಿದರೆ ಇನ್ನೂ ಐಪಿ ಸಿಗದ ಎಪಿಗೆ ಉತ್ತರ ಮುಟ್ಟದು. ಮಲ್ಟಿ-ಥ್ರೆಡಿಂಗ್ (ಒಮ್ಮೆಗೇ ಹಲವು ಕೋರಿಕೆ ನಿಭಾಯಿಸುವುದು) ಜೊತೆ ಎಚ್‌ಎ ಓಡಿಸುವಾಗ ಜೊತೆಗಾರನ ವಿಳಾಸದ ಪೋರ್ಟು ಕಂಟ್ರೋಲ್ ಏಜೆಂಟಿನ (ಕೀಯಾಕ್ಕೆ ಆದೇಶ ತಲುಪಿಸುವ ಸೇವೆ) ಪೋರ್ಟಿಗಿಂತ ಬೇರೆಯಿರಬೇಕು: ಏಜೆಂಟಿಗೆ 8000, ಎಚ್‌ಎಗೆ 8005.

ಎಪಿಗಳಿಗೆ ಕಂಟ್ರೋಲರ್ ಎಲ್ಲಿದೆ ಎಂದು ಹೇಳುವ ಆಯ್ಕೆ 43 ತಯಾರಕರಿಂದ ತಯಾರಕರಿಗೆ ಬೇರೆ. ಸಿಸ್ಕೊ ಎಪಿಗಳಾದರೆ ಬೈಟುಗಳ ಸಾಲು: 241, ಆಮೇಲೆ ಉದ್ದ (ಒಂದು ಕಂಟ್ರೋಲರಿಗೆ 4ರಂತೆ, ಎರಡಕ್ಕೆ 8), ಆಮೇಲೆ 10, 20, 5, 11, 10, 20, 5, 12. ಇದನ್ನು ಹೆಕ್ಸಿಗೆ ತಿರುಗಿಸಿ ಬರೆಯಬೇಕು. ಅರೂಬಾ ಎಪಿಗಳು ಆಯ್ಕೆ 60ರಲ್ಲಿ ‘ಅರೂಬಾಎಪಿ’ ಎಂದು ಹೇಳಿಕೊಂಡು ಬರುತ್ತವೆ. ಅವಕ್ಕೆ 43ರಲ್ಲಿ ಐಪಿಯನ್ನು ಸಾದಾ ಅಕ್ಷರರೂಪದಲ್ಲೇ ಕೊಟ್ಟರಾಯಿತು.

ರಿಲೇ ಮತ್ತು ಫೈರ್‌ವಾಲ್

ಹೆಚ್ಚಿನ ಪೆಟ್ಟು ಬೀಳುವುದು ಇಲ್ಲಿ. ವಿಲ್ಯಾನ್ 30 ಮತ್ತು 40ರಲ್ಲಿ ಎ ಗೆ .2, ಬಿ ಗೆ .3. ಎರಡೂ ಕಂಟ್ರೋಲರ್‌ಗಳಲ್ಲಿ ರಿಲೇ ಗುರಿಯಾಗಿ ಎರಡೂ ಕೀಯಾ ವಿಳಾಸ. ರಿಲೇ ತನ್ನ ಗುರುತಾಗಿ ಕಳಿಸುವ ವಿಳಾಸ .2 ಅಥವಾ .3 ಆಗಿರಬೇಕು, ವರ್ಚುವಲ್ ಐಪಿ ಅಲ್ಲ. ವರ್ಚುವಲ್ ಇಟ್ಟರೆ ಎ ಕಳಿಸಿದ ಪ್ರಶ್ನೆಗೆ ಉತ್ತರ ಬಿ ಬಾಗಿಲಿಗೆ ಹೋಗಬಹುದು. ಒಂದೇ ಪ್ರಶ್ನೆ ಎರಡೂ ರಿಲೇಗಳಿಂದ ಬಂದು ಲಾಗ್‌ನಲ್ಲಿ ಜೋಡಿ ಸಾಲು ಕಂಡರೆ ಗಾಬರಿ ಬೇಡ, ಸರ್ವರ್ ಎರಡಕ್ಕೂ ಒಂದೇ ಐಪಿ ಕೊಡುತ್ತದೆ.

ಎರಡನೆಯದು ಹೆಚ್ಚು ಕಳ್ಳ. ಅತಿಥಿಗಳು ವಿಲ್ಯಾನ್ 5ಕ್ಕೆ ಕಾಲಿಡಬಾರದು ಎಂದು ಫೈರ್‌ವಾಲ್ ನಿಯಮ ಇದ್ದೇ ಇರುತ್ತದೆ. ಮೊದಲ ವಿಳಾಸ ರಿಲೇ ಮೂಲಕ ಸಿಗುತ್ತದೆ, ಆದ್ದರಿಂದ ಎಲ್ಲ ಸರಿ ಅನ್ನಿಸುತ್ತದೆ. ಆದರೆ ಅರ್ಧ ಅವಧಿಗೆ ನವೀಕರಿಸುವಾಗ ಫೋನ್ ಸರ್ವರಿಗೆ ನೇರವಾಗಿ ಯುನಿಕಾಸ್ಟ್ ಕಳಿಸುತ್ತದೆ, ಆ ನಿಯಮ ಅದನ್ನು ನುಂಗುತ್ತದೆ. ಫೋನ್ ಸುಮ್ಮನೆ 87.5 ಶೇಕಡಾ ಕಳೆಯುವವರೆಗೆ ಕಾದು, ಬ್ರಾಡ್‌ಕಾಸ್ಟ್ ಮಾಡಿ (ಜಾಲದಲ್ಲಿ ಎಲ್ಲರಿಗೂ ಕೂಗಿ), ರಿಲೇ ಮೂಲಕ ನವೀಕರಿಸಿಕೊಳ್ಳುತ್ತದೆ. ಯಾರೂ ದೂರುವುದಿಲ್ಲ. ಗುರುತಿಸುವುದು ಹೇಗೆಂದರೆ, ಟಿಸಿಪಿಡಂಪ್‌ನಲ್ಲಿ (ಜಾಲದ ಪ್ಯಾಕೆಟ್ ತೋರಿಸುವ ಆದೇಶ) ಪೋರ್ಟು 67 ನೋಡಿದಾಗ ನವೀಕರಣಗಳು 30ನೇ ನಿಮಿಷಕ್ಕೆ ಬರದೆ ಎಲ್ಲವೂ 52ನೇ ನಿಮಿಷದ ಆಸುಪಾಸಿಗೆ ಬಂದರೆ ಇದೇ ಕಾಯಿಲೆ. ಅತಿಥಿ ವಿಲ್ಯಾನ್‌ನಿಂದ .21 ಮತ್ತು .22ರ ಯುಡಿಪಿ 67ಕ್ಕೆ ಮಾತ್ರ ಅನುಮತಿ ಕೊಟ್ಟು, ಆ ನಿಯಮವನ್ನು ನಿಷೇಧದ ಮೇಲೆ ಇಡಬೇಕು. ಮುಖ್ಯ ಸರ್ವರ್ ಸತ್ತಾಗಲೂ ಇದೇ ಲಕ್ಷಣ ಕಾಣುತ್ತದೆ, ಆಗ ಅದು ಸಹಜ: ಯುನಿಕಾಸ್ಟಿಗೆ ಉತ್ತರವಿಲ್ಲ, ಬ್ರಾಡ್‌ಕಾಸ್ಟಿಗೆ .22 ಉತ್ತರಿಸುತ್ತದೆ, ಅದೇ ಐಪಿ ಮುಂದುವರಿಯುತ್ತದೆ.

ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿಕೆಯ ಪೋರ್ಟು ಬಿಟ್ಟು ಬೇರೆಡೆಯಿಂದ ವಿಳಾಸ ಹಂಚುವುದನ್ನು ಸ್ವಿಚ್ಚೇ ತಡೆಯುವುದು) ಹಾಕಿದ್ದರೆ ನಂಬಿಕೆಯ ಪೋರ್ಟುಗಳ ಪಟ್ಟಿಯಲ್ಲಿ ಎರಡೂ ಕೀಯಾ, ಎರಡೂ ಕಂಟ್ರೋಲರ್, ಸ್ವಿಚ್‌ಗಳ ನಡುವಿನ ಕೊಂಡಿ, ಫೈರ್‌ವಾಲ್ ಎಲ್ಲ ಇರಬೇಕು. ಎರಡನೇ ಸ್ವಿಚ್ಚಿನಲ್ಲಿ .22ರ ಪೋರ್ಟು ಬಿಟ್ಟುಹೋದರೆ ತಿಂಗಳಾನುಗಟ್ಟಲೆ ಗೊತ್ತಾಗುವುದಿಲ್ಲ; ಮುಖ್ಯ ಸರ್ವರ್ ಬಿದ್ದ ದಿನ ಲಾಗ್‌ನಲ್ಲಿ ‘ಆಫರ್ ಕಳಿಸಿದೆ’ ಎಂದಿರುತ್ತದೆ, ಫೋನಿಗೆ ಏನೂ ಬಂದಿರುವುದಿಲ್ಲ. ಸ್ನೂಪಿಂಗ್ ಬೇಡವೇ ಬೇಡ ಎನ್ನುವಂತಿಲ್ಲ, ಹಾಸ್ಟೆಲ್‌ನಲ್ಲಿ ಯಾರಾದರೂ ಮನೆಯ ರೌಟರ್ ತಂದು ಲ್ಯಾನ್ ಪೋರ್ಟಿಗೆ ಸಿಕ್ಕಿಸುವುದು ಖಂಡಿತ.

ಬದಲಾವಣೆ ಮತ್ತು ಪರೀಕ್ಷೆ

ಹಿಂದಿನ ದಿನವೇ ಕಂಟ್ರೋಲರ್‌ಗಳ ಲೀಸನ್ನು ಎಲ್ಲ ವಿಲ್ಯಾನ್‌ಗಳಲ್ಲಿ 10 ನಿಮಿಷಕ್ಕೆ ಇಳಿಸಬೇಕು. ಹಳೆಯ ಅವಧಿಯ ಲೀಸ್ ಹಿಡಿದವರೆಲ್ಲ ನವೀಕರಿಸಿಕೊಂಡು ಚಿಕ್ಕ ಅವಧಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಬದಲಿಸುವ ಹೊತ್ತಿಗೆ ಕಂಟ್ರೋಲರ್ ಡಿಎಚ್‌ಸಿಪಿ ನಿಲ್ಲಿಸಿ ರಿಲೇ ಹಚ್ಚಿ, 10 ನಿಮಿಷ ಬಿಟ್ಟು ಹಳೆಯ ಲೀಸ್ ಒಂದೂ ಉಳಿದಿಲ್ಲ ಎಂದುಕೊಳ್ಳಬಹುದು. ಸಭಾಂಗಣ ಖಾಲಿ ಇರುವ ಬೆಳಿಗ್ಗೆ ಒಳ್ಳೆಯದು. ಸಂರಚನಾ ಕಡತವನ್ನು ಮೊದಲು ಪರೀಕ್ಷಾ ಆಯ್ಕೆಯಲ್ಲಿ ಓಡಿಸಿ, ಅಲ್ಪವಿರಾಮ ತಪ್ಪಿದ್ದರೆ ಅಲ್ಲೇ ಸಿಗುತ್ತದೆ.

ಎರಡೂ ಏಳುವಾಗ ಮೊದಲು ‘ವೇಟಿಂಗ್’, ಆಮೇಲೆ ‘ಸಿಂಕಿಂಗ್’, ‘ರೆಡಿ’, ಕೊನೆಗೆ ‘ಹಾಟ್-ಸ್ಟ್ಯಾಂಡ್‌ಬೈ’. ಒಂದೇ ಎದ್ದರೆ ಅದು ಜೊತೆಗಾರನಿಗಾಗಿ ಒಂದು ನಿಮಿಷದಷ್ಟು ಕಾದು ‘ಪಾರ್ಟ್ನರ್-ಡೌನ್’ಗೆ ಹೋಗಿ ಸೇವೆ ಶುರು ಮಾಡುತ್ತದೆ. ಆ ನಿಮಿಷದಲ್ಲಿ ಮತ್ತೆ ಮತ್ತೆ ಮರುಚಾಲನೆ ಮಾಡುತ್ತಾ ಹೋದರೆ ಎಂದಿಗೂ ಏಳುವುದಿಲ್ಲ. ರ‍್ಯಾಕಿನ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ಇದನ್ನು ಕನ್ನಡ-ಮರಾಠಿ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆಯುವುದು ವಾಸಿ, ಯಾಕೆಂದರೆ ಕರೆಂಟು ಬಂದಾಗ ಅಲ್ಲಿ ನಿಲ್ಲುವುದು ವಾಚ್‌ಮನ್.

ಪರೀಕ್ಷೆಗೆ .21ರ ಪ್ಲಗ್ಗನ್ನೇ ಎಳೆಯಬೇಕು. ಸೇವೆಯನ್ನು ಮರ್ಯಾದೆಯಿಂದ ನಿಲ್ಲಿಸಿ ನೋಡಿದರೆ ಕರೆಂಟು ಹೋದ ಸ್ಥಿತಿ ಪರೀಕ್ಷೆಯಾಗುವುದಿಲ್ಲ. ಎಳೆದ ಮೇಲೆ ಒಂದು ಫೋನಿನಲ್ಲಿ ಜಾಲವನ್ನು ಮರೆಸಿ ಮತ್ತೆ ಸೇರಿಸಿ. ಸುಮಾರು ಒಂದು ನಿಮಿಷ ‘ಐಪಿ ಪಡೆಯಲಾಗುತ್ತಿದೆ’ ಎಂದು ನಿಲ್ಲುತ್ತದೆ, ಆಮೇಲೆ .22ರಿಂದ ಸಿಗುತ್ತದೆ. ಆಗಲೇ ಸೇರಿದ್ದ ಫೋನ್‌ಗಳಿಗೆ ಏನೂ ಆಗಬಾರದು. ಆಮೇಲೆ ಎ ಕಂಟ್ರೋಲರಿನ ಪ್ಲಗ್, ಆಮೇಲೆ ಮೊದಲ ಸ್ವಿಚ್ಚಿನದು. ಪ್ರತಿ ಸಲವೂ ಎರಡು-ಮೂರು ಫೋನಿನ ಐಪಿಗೆ ಆರ್ಪಿಂಗ್ ಕೊಟ್ಟು ಉತ್ತರ ಒಂದೇ ಮ್ಯಾಕಿನಿಂದ ಬರುತ್ತಿದೆಯೇ ನೋಡಿ.

ಪಿಸಿಗಳ ಅಪ್‌ಡೇಟ್ ದಿನ ‘ಎಚ್‌ಎ-ಮೇಂಟೆನೆನ್ಸ್-ಸ್ಟಾರ್ಟ್’ ಆದೇಶವನ್ನು ಉಳಿಯಲಿರುವ ಸರ್ವರಿಗೆ ಕೊಡಬೇಕು, ನಿಲ್ಲಿಸಲಿರುವುದಕ್ಕಲ್ಲ. ಅದು ಒಂದು ನಿಮಿಷ ಕಾಯದೆ ಕೂಡಲೇ ಪೂರ್ತಿ ಭಾರ ಹೊತ್ತುಕೊಳ್ಳುತ್ತದೆ. ಮೊದಲು .22 ಅಪ್‌ಡೇಟ್ ಮಾಡಿ, ಅದು ಮರಳಿ ‘ಹಾಟ್-ಸ್ಟ್ಯಾಂಡ್‌ಬೈ’ ತೋರಿಸಿದ ಮೇಲಷ್ಟೇ .21ಕ್ಕೆ ಕೈಹಾಕಿ.